ಮೆಲ್ಲಗಪ್ಪ ಹೆಂಡತಿಯನ್ನು ಮಲಗಿಸಿದ ಬಗೆ

ನಮ್ಮ ಮನೆಯಲ್ಲಿ ಯಾವ ವಸ್ತುವೂ ಮಲಗಿರುವುದಿಲ್ಲ. ತಟ್ಟೆಗಳು ಗೋಡೆಗೆ ಒರಗಿ ನಿಂತಿರುತ್ತವೆ. ಮುಚ್ಚಳಗಳು ನಿಂತಿರುತ್ತವೆ, ಮಣೆ ನಿಂತಿರುತ್ತದೆ. ಚಪ್ಪಲಿಗಳು ಕೂಡ ಬಾಗಿಲ ಸಂದಿಯಲ್ಲಿ ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿರುತ್ತವೆ. ಹೊಸಬರು ಯಾರಾದರೂ ಬಂದರೆ, ಮನೆಯ ಸಾಮಾನೆಲ್ಲ ತಮಗೆ ಮರ್ಯಾದೆ ಕೊಡಲು ಎದ್ದು ನಿಂತಿದೆ ಎಂದುಕೊಳ್ಳಬೇಕು. ಇದೆಲ್ಲ ನಮ್ಮ ಅಳಿಯನ ಕೆಲಸ.

ಅಳಿಯ ಎಂದರೆ ನನ್ನ ತಂಗಿಯ ಮಗಳ ಗಂಡ. ತಂಗಿ ಬೇಗ ಹೋದಳು, ಹುಡುಗಿಯನ್ನು ಬೆಳೆಸಿದವಳು ನಾನು. ಅವಳಿಗೆ ಮದುವೆಯಾದಾಗ ನಮ್ಮ ಯಜಮಾನರೂ ಇರಲಿಲ್ಲವಾದ್ದರಿಂದ, ಹಾಸಿಗೆ ಪಾತ್ರೆಗಳ ಜೊತೆಗೆ ನಾನೂ ಈ ಮನೆಗೆ ಬಂದೆ. ಬಂದ ದಿನ ಅಳಿಯ ನನ್ನ ಟ್ರಂಕನ್ನು ಗಾಡಿಯಿಂದ ಇಳಿಸುವಾಗ "ಮೆಲ್ಲಗೆ, ಮೆಲ್ಲಗೆ" ಎಂದ. ಟ್ರಂಕಿನಲ್ಲಿ ಇದ್ದದ್ದು ಸೀರೆಗಳು. ಹಾಗೆಂದೆ. "ಇರಲಿ ಅತ್ತೇ, ಸೀರೆಗಾದ್ರೂ ಮೆಲ್ಲಗೆ ಅಂದ್ರೆ ನಷ್ಟ ಏನು?" ಎಂದ. ಊರೆಲ್ಲ ಅವನನ್ನು ಮೆಲ್ಲಗಪ್ಪ ಎನ್ನುವುದು ಏಕೆ ಎಂದು ಆಗ ತಿಳಿಯಿತು.

ಅವನ ಕೆಲಸ ಬಸ್ ನಿಲ್ದಾಣದ ಹಿಂದಿರುವ ಗಾಜಿನ ಗೋದಾಮಿನಲ್ಲಿ. ಕಿಟಕಿಗೆ, ಅಂಗಡಿಗೆ ಹಾಕುವ ಆಳೆತ್ತರದ ಗಾಜಿನ ಹಾಳೆಗಳನ್ನು ಕಟ್ಟಿ ಲಾರಿಗೆ ಏರಿಸುತ್ತಾನೆ. ಗಾಜನ್ನು ಅಂಗಾತ ಇಡಬಾರದು. ಆ ಕೆಲಸದ ಮೊದಲ ಪಾಠವೂ ಅದೇ, ಕೊನೆಯ ಪಾಠವೂ ಅದೇ. ಅಂಗಾತ ಇಟ್ಟ ಗಾಜು ಲಾರಿಯ ಒಂದು ಕುಲುಕಿಗೆ ನಡುವೆ ಸೀಳುತ್ತದಂತೆ. ಅಂಚಿನ ಮೇಲೆ ನಿಲ್ಲಿಸಿ, ಸ್ವಲ್ಪ ಓರೆಯಾಗಿ ಒರಗಿಸಿ, ಬೆನ್ನಿಗೆ ಮರದ ಆಸರೆ ಕೊಟ್ಟು, ಹಾಳೆ ಹಾಳೆಯ ನಡುವೆ ಮೆತ್ತನೆಯದೇನಾದರೂ ತುರುಕಿ, ಅಡಿಗೆ ಬೆಣೆ ಕೊಟ್ಟು, ಪಟ್ಟಿ ಬಿಗಿಯಬೇಕು. ಅವನು ಕಟ್ಟಿದ ಗಾಜು ಒಡೆದದ್ದಿಲ್ಲ. ಒಮ್ಮೆ ಲಾರಿ ಹಳ್ಳಕ್ಕೆ ಬಿದ್ದು ಚಾಲಕನ ಹಲ್ಲು ಉದುರಿತು, ಗಾಜಿಗೆ ಗೀರೂ ಬೀಳಲಿಲ್ಲ. ಚಾಲಕನನ್ನು ನೋಡಲು ಹೋದಾಗ ಮೆಲ್ಲಗಪ್ಪ, "ನಿನ್ನನ್ನೂ ನಾನೇ ಕಟ್ಬೇಕಿತ್ತು" ಎಂದನಂತೆ. ಅದು ತಮಾಷೆಯಲ್ಲ. ಅವನಿಗೆ ತಮಾಷೆ ಬರುವುದಿಲ್ಲ.

ನಮ್ಮ ಹುಡುಗಿಯ ಕೆಲಸ ಅದೇ ಬಸ್ ನಿಲ್ದಾಣದಲ್ಲಿ, ಮೈಕಿನ ಮುಂದೆ. ಯಾವ ಬಸ್ಸು, ಯಾವ ಅಂಕಣ, ಎಷ್ಟು ಹೊತ್ತಿಗೆ ಎಂದು ಕೂಗುತ್ತಾಳೆ. ಬೆಳಕು ಹರಿಯುವ ಮೊದಲೇ ಹೋದರೆ ಮಧ್ಯಾಹ್ನಕ್ಕೆ ಬರುತ್ತಾಳೆ. ಅವಳ ದನಿ ಎಂಥದ್ದೆಂದರೆ, ಬಸ್ಸು ತಪ್ಪಿಸಿಕೊಂಡವನು ಕೂಡ ಇನ್ನೊಂದು ಸಲ ಕೇಳಿ ಹೋಗೋಣ ಎಂದು ನಿಲ್ಲುತ್ತಾನೆ.

ಅವಳು ಮೊದಲ ಸಲ ಬಸುರಿಯಾದಾಗ ಅದು ನಿಲ್ಲಲಿಲ್ಲ. ಯಾರ ತಪ್ಪೂ ಅಲ್ಲ, ಕೆಲವು ಹಾಗೇ ಹೋಗುತ್ತವೆ ಎಂದರು ಡಾಕ್ಟರು. ಅವಳು ಅತ್ತು ಹಗುರಾದಳು. ಇವನು ಅಳಲಿಲ್ಲ. ಮನೆಗೆ ಬಂದು ತಟ್ಟೆಗಳನ್ನೆಲ್ಲ ತೆಗೆದು ಒರೆಸಿ ಮತ್ತೆ ನಿಲ್ಲಿಸುತ್ತಾ, ನನ್ನ ಕಡೆ ನೋಡದೆ ಕೇಳಿದ: "ಅತ್ತೇ, ನಾವು ಎಲ್ಲೋ ಆಸರೆ ಸರಿಯಾಗಿ ಕೊಡ್ಲಿಲ್ಲ, ಅಲ್ವಾ?" ಇಲ್ಲಪ್ಪ ಎಂದೆ. ಅವನು ತಲೆಯಾಡಿಸಿದ, ಆದರೆ ಒಪ್ಪಿದ ತಲೆಯಾಟ ಅದಲ್ಲ.

ಹೀಗಾಗಿ ಎರಡನೇ ಸಲ ಹೊಟ್ಟೆ ಕಾಣುವಷ್ಟಾದಾಗ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದ. ಏಳನೇ ತಿಂಗಳು ತುಂಬಿದ ಮೇಲೆ ಮೂವರೂ ಆಸ್ಪತ್ರೆಗೆ ಹೋದೆವು. ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ ನೋಡಿದವರು ಹುಬ್ಬು ಗಂಟಿಕ್ಕಿದರು.

"ಬಿ.ಪಿ. ಸ್ವಲ್ಪ ಏರಿದೆಯಲ್ಲಮ್ಮ. ನಿದ್ದೆ ಹೇಗೆ?"

"ನಿದ್ದೆ ಎಲ್ಲಿ ಬಂತು ಸಿಸ್ಟರ್. ಯಾವ ಮಗ್ಗುಲಾದ್ರೂ ಹೊಟ್ಟೆ ನನಗಿಂತ ಮುಂಚೆ ಹೋಗಿ ಮಲಗಿರುತ್ತೆ, ನನಗೆ ಜಾಗ ಇರಲ್ಲ."

"ನಿದ್ದೆ ಆಗ್ಲೇಬೇಕು. ಎರಡು ವಾರ ನೋಡೋಣ. ಅಷ್ಟರಲ್ಲಿ ತಲೆನೋವು, ಕಣ್ಣು ಮಂಜಾಗೋದು ಏನಾದ್ರೂ ಕಂಡ್ರೆ ಕಾಯದೆ ಬಂದ್ಬಿಡಿ. ಎರಡು ವಾರ ಆದ್ಮೇಲೂ ಬಿ.ಪಿ. ಹೀಗೇ ಇದ್ರೆ ವಾರ್ಡಿಗೆ ಸೇರಿಸ್ಕೋತೀವಿ. ಹೆರಿಗೆವರೆಗೂ ಅಲ್ಲೇ."

ವಾರ್ಡಿನ ಬಾಗಿಲು ಅಲ್ಲೇ ಎದುರಿಗಿತ್ತು. ಮೆಲ್ಲಗಪ್ಪ ಒಳಗೆ ಇಣುಕಿ ನೋಡಿದ. ಹೆರಿಗೆಯಾದವರು ಸಾಲು ಮಂಚಗಳ ಮೇಲೆ ಚಪ್ಪಟೆಯಾಗಿ, ಅಂಗಾತ ಮಲಗಿದ್ದರು. ಅವನ ಮುಖ ಸುಣ್ಣದಂತಾಯಿತು.

"ಇನ್ಮೇಲೆ ನೀನು ಅಂಗಾತ ಮಲಗೋದು ಬೇಡ," ಎಂದರು ನರ್ಸಮ್ಮ. "ಮಗುವಿನ ಭಾರ ಎಲ್ಲ ಬೆನ್ನೆಲುಬಿನ ಪಕ್ಕ ಇರೋ ದೊಡ್ಡ ರಕ್ತನಾಳದ ಮೇಲೆ ಬೀಳುತ್ತೆ. ಮಗ್ಗುಲಾಗಿ ಮಲಗು, ಎಡ ಮಗ್ಗುಲಾದ್ರೆ ಇನ್ನೂ ಒಳ್ಳೇದು. ಮಂಡಿ ಮಡಚಿ ನಡುವೆ ಒಂದು ದಿಂಬು, ಹೊಟ್ಟೆ ಅಡಿಗೆ ಮೆತ್ತಗಿರೋದು ಒಂದು, ಬೆನ್ನಿಗೆ ಒಂದು ಆಸರೆ..."

ಮೆಲ್ಲಗಪ್ಪ ಎದ್ದು ನಿಂತಿದ್ದ. ಅಂಗಾತ ಇಡಬಾರದು. ಒರಗಿಸಬೇಕು. ನಡುವೆ ಮೆತ್ತನೆಯದು. ಬೆನ್ನಿಗೆ ಆಸರೆ. ಅವನ ಕಣ್ಣು ತುಂಬಿ ಬಂದಿತ್ತು.

"ಸಿಸ್ಟರ್, ಇದನ್ನ ಮೊದಲೇ ಹೇಳ್ಬಾರ್ದಿತ್ತಾ? ಇದು ನಮ್ ಕೆಲ್ಸ!" ಎಂದವನೇ ಹೊರಗೆ ಓಡಿದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ನರ್ಸಮ್ಮ ಹೇಳಬೇಕಾದದ್ದು ಇನ್ನೂ ಅರ್ಧ ಇತ್ತು. ಆ ಅರ್ಧವನ್ನು ಅವರು ಅವನ ಖಾಲಿ ಕುರ್ಚಿಯ ಕಡೆಗೇ ನೋಡುತ್ತಾ ಹೇಳಿ ಮುಗಿಸಿದರು. ಬಲ ಮಗ್ಗುಲಾದರೂ ಪರವಾಗಿಲ್ಲ. ನಿದ್ದೆಯಲ್ಲಿ ಹೊರಳುವುದು ಸಹಜ, ಹೊರಳಲಿ. ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಮತ್ತೆ ಮಗ್ಗುಲಾದರೆ ಆಯಿತು. "ಮುಖ್ಯ ಏನಂದ್ರೆ, ಯಾರೂ ಅವಳನ್ನ ಎಬ್ಬಿಸ್ಬೇಡಿ," ಎಂದರು.

ನಾವು ಮನೆಗೆ ಬಂದು ಅದನ್ನೆಲ್ಲ ಅವನಿಗೆ ಒಪ್ಪಿಸಿದೆವು. ಅವನು ಆಗಲೇ ಹಲಗೆ ಕೊಯ್ಯುತ್ತಿದ್ದ. "ಹೊರಳೋದಾ? ಅತ್ತೇ, ಎಲ್ಲಾದ್ರೂ ಉಂಟಾ? ಒಂದ್ಸಲ ಒರಗಿಸಿದ ಮೇಲೆ ಅದು ಅಲ್ಲಾಡಿದ್ರೆ ಮುಗೀತು. ನೀವು ಸರಿಯಾಗಿ ಕೇಳಿಸ್ಕೊಂಡಿಲ್ಲ," ಎಂದ.

ಸಹಾಯಕ್ಕೆ ಅವನ ಜೊತೆ ಕೆಲಸದವನು ಬಂದಿದ್ದ. ಅವನ ಅಡ್ಡಹೆಸರು ಸುತ್ತಿಗೆ. ಗೋದಾಮಿನಲ್ಲಿ ಅವನು ಮುಟ್ಟಿದ್ದೆಲ್ಲ ಎರಡಾಗುವುದರಿಂದ, ಅವನಿಗೆ ಗಾಜಿನ ನಡುವೆ ತುರುಕುವ ಹುಲ್ಲು ಹೊರುವ ಕೆಲಸ ಮಾತ್ರ ಕೊಟ್ಟಿದ್ದಾರೆ. ಇಬ್ಬರೂ ಸೇರಿ ಸಂಜೆಯೊಳಗೆ ಮಂಚದ ಮೇಲೊಂದು ಸ್ಟ್ಯಾಂಡು ಕಟ್ಟಿದರು. ಬೆನ್ನಿಗೆ ಓರೆ ಹಲಗೆ, ಅದಕ್ಕೆ ಸ್ಪಂಜು. ತಲೆಗೆ, ಸೊಂಟಕ್ಕೆ, ಹಿಮ್ಮಡಿಗೆ ಬೇರೆ ಬೇರೆ ಬೆಣೆ. ಮೊಣಕೈಗಳಿಗೆ ರಟ್ಟಿನ ಮೂಲೆಕಟ್ಟು. ಸಂದಿಗಳಿಗೆಲ್ಲ ಹುಲ್ಲು. ತಲೆಯ ಕಡೆ ಮರದ ಮೇಲೆ ಗಾಜಿನ ಲೋಟದ ಚಿತ್ರವಿರುವ ಚೀಟಿ, ಕೆಳಗೆ ಯಾವುದು ಮೇಲೆ ಎಂದು ತೋರಿಸುವ ಬಾಣ. ಕೊನೆಗೆ ಬಿಗಿಯಲು ಪಟ್ಟಿ ತಂದ. ಪಟ್ಟಿಯೊಂದಕ್ಕೆ ಮಾತ್ರ ನಾನು ಬಿಡಲಿಲ್ಲ. ಕತ್ತರಿ ಹಿಡಿದು ಮಂಚದ ಪಕ್ಕ ನಿಂತೆ. "ಇದು ನಿನ್ನ ಹೆಂಡ್ತಿ ಕಣಪ್ಪ, ಸರಕಲ್ಲ," ಎಂದೆ.

"ಸರಕಾಗಿದ್ರೆ ನಾನು ಇಷ್ಟು ಹೆದರ್ತಿದ್ನಾ ಅತ್ತೇ?" ಎಂದ. ಆದರೂ ಪಟ್ಟಿ ಕತ್ತರಿಸಿದೆ.

ಮರುದಿನ ಮಧ್ಯಾಹ್ನ ಅವಳು ಡ್ಯೂಟಿ ಮುಗಿಸಿ ಬಂದು ಊಟ ಮಾಡಿ ಅದರೊಳಗೆ ಮಲಗಿದಳು. ಮಲಗಿದಳು ಅನ್ನುವುದಕ್ಕಿಂತ ಅವಳನ್ನು ಅದರೊಳಗೆ ಕೂರಿಸಿದರು ಅನ್ನಬೇಕು. ಅಳಿಯ ಅವಳ ಸೊಂಟದ ಮೇಲೆ ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆಯನ್ನು ನೋಡಿದ. ಗುಳ್ಳೆ ನಡುವೆ ನಿಂತಿತು. ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಗುಳ್ಳೆ ಬಲಕ್ಕೆ ಹಾರಿತು. ಒಳಗಿನಿಂದ ಮಗು ಒದ್ದಿತ್ತು.

"ಅಣ್ಣಾ, ಒಳಗಡೆ ಪ್ಯಾಕಿಂಗ್ ಸಡಿಲ ಇದೆ," ಎಂದ ಸುತ್ತಿಗೆ.

"ರೀ, ಮೂಗು ತುರಿಸ್ತಿದೆ," ಎಂದಳು ಒಳಗಿನಿಂದ ನಮ್ಮ ಹುಡುಗಿ.

"ಕೈ ತೆಗೀಬೇಡ. ನಾನು ತುರಿಸ್ತೀನಿ. ಎಲ್ಲಿ?"

"ಅಲ್ಲಲ್ಲ, ಎಡಕ್ಕೆ. ಅಯ್ಯೋ, ಅದು ಕಣ್ಣು ಕಣ್ರೀ!"

"ಮೆಲ್ಲಗೆ, ಮೆಲ್ಲಗೆ."

"ಉಸಿರಾದ್ರೂ ಆಡ್ಬಹುದಾ?"

ಅವನು ಸ್ವಲ್ಪ ಯೋಚಿಸಿ, "ಮೆಲ್ಲಗೆ," ಎಂದ.

ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ನಿದ್ದೆಗಿಂತ ನಿದ್ದೆಯ ಏರ್ಪಾಟು ಭಾರವಾಯಿತು. ಆದರೂ ನಮ್ಮ ಹುಡುಗಿಗೆ ಅದರೊಳಗೂ ಜೋಂಪು ಹತ್ತುತ್ತಿತ್ತು, ಅಷ್ಟು ದಣಿದಿರುತ್ತಿದ್ದಳು. ನಿದ್ದೆ ಸುಖ ಅರಿಯದು ಎಂಬ ಮಾತು ಸುಳ್ಳಲ್ಲ. ಆದರೆ ನಿದ್ದೆ ಹತ್ತಿದವರು ಸ್ವಲ್ಪ ಅಲ್ಲಾಡುತ್ತಾರೆ. ಅಲ್ಲಾಡಿದರೆ ಹುಲ್ಲು ಸರಕ್ ಎನ್ನುತ್ತದೆ. ಹುಲ್ಲು ಸರಕ್ ಎಂದ ಕೂಡಲೇ ಪಕ್ಕದ ಸ್ಟೂಲಿನ ಮೇಲೆ ಕಾವಲು ಕೂತ ಮೆಲ್ಲಗಪ್ಪ ಎರಡೂ ಕೈ ಚಾಚಿ, "ಮೆಲ್ಲಗೆ!" ಎಂದು ಅರಚುತ್ತಾನೆ. ಅವಳು ಬೆಚ್ಚಿ ಏಳುತ್ತಾಳೆ. ಮತ್ತೆ ಬೆಣೆ, ಮತ್ತೆ ರಸಮಟ್ಟ. ಊಟದ ವಿರಾಮಕ್ಕೆ ಬಂದವನು ಗೋದಾಮಿಗೆ ಹಿಂತಿರುಗುವಾಗ ಸುತ್ತಿಗೆಯನ್ನು ಕಾವಲು ಬಿಟ್ಟು ಹೋಗುತ್ತಿದ್ದ. ಸುತ್ತಿಗೆ ಸ್ಟೂಲಿನ ಮೇಲೆ ಕೂತ ಕೂಡಲೇ ನಿದ್ದೆ ಹೋಗುತ್ತಿದ್ದ, ಅವನ ಗೊರಕೆಗೆ ಇವಳು ಏಳುತ್ತಿದ್ದಳು. ರಾತ್ರಿಯೂ ಇದೇ ಕತೆ. ಅಂತೂ ಅವಳ ನಿದ್ದೆಗೆಂದು ಸ್ಟ್ಯಾಂಡು ಕಟ್ಟಿದ ಮನೆಯಲ್ಲಿ ಕಾವಲಿನವನಿಗೆ ನಿದ್ದೆ ಬಂತು, ಅವಳಿಗೆ ಬರಲಿಲ್ಲ.

"ಆ ಸ್ಟ್ಯಾಂಡಿಗೆ ಬೆಂಕಿ ಹಾಕ್ತೀನಿ ದೊಡ್ಡಮ್ಮಾ," ಎಂದಳು ಒಂದು ದಿನ ನನ್ನ ಹತ್ತಿರ.

"ಅವನಿಗೆ ಹೇಳೇ."

"ಹೇಳೋಣ ಅಂತಲೇ ಬಾಯಿ ತೆಗೀತೀನಿ. ಆ ಮುಖ ನೋಡಿದ್ರೆ ಮಾತು ಬರಲ್ಲ. ಬೆಳಗ್ಗೆ ಎದ್ದು ನಾನು ಒಡೆದಿಲ್ಲ ಅಂತ ಗೊತ್ತಾದಾಗ ಅವರ ಮುಖ ನೋಡಿದ್ದೀಯಾ?"

ನೋಡಿದ್ದೆ. ಅದಕ್ಕೇ ನಾನೂ ಆ ಸ್ಟ್ಯಾಂಡಿನ ಮೇಲೆ ಕೈ ಮಾಡಿರಲಿಲ್ಲ.

ದಿನ ಕಳೆದಂತೆ ಅವಳ ಕಣ್ಣು ಗುಳಿ ಬಿದ್ದವು. ಮೈಕಿನಲ್ಲೂ ತಪ್ಪು ಶುರುವಾಯಿತು. ಒಂದು ದಿನ, "ಪ್ರಯಾಣಿಕರ ಗಮನಕ್ಕೆ, ಮೂರನೇ ಅಂಕಣದಿಂದ ಹೊರಡುವ ಬಸ್ಸು ಎಡ ಮಗ್ಗುಲಿಗೆ ಮಲಗಲಿದೆ" ಎಂದಳು. ಜನ ಬಸ್ಸಿನಿಂದ ಧುಮುಕಿದರು. ನಿಲ್ದಾಣದ ಕಂಟ್ರೋಲರ್ ಬಂದು ಎಚ್ಚರಿಕೆ ಕೊಟ್ಟರು. ಅವರು ಕೆಟ್ಟವರಲ್ಲ, ಆದರೆ ಹೊತ್ತಿಗೆ ಸರಿಯಾಗಿ ಬಸ್ಸು ಬಿಡುವುದೊಂದೇ ಅವರಿಗೆ ಗೊತ್ತು. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ಕೂರಿಸುತ್ತೇನೆ ಎಂದರು. ಆಸ್ಪತ್ರೆಗೆ ಹೋಗುವ ದಿನವೂ ಹತ್ತಿರ ಬರುತ್ತಿತ್ತು. ಅಲ್ಲಿ ವಾರ್ಡು ಬಾಯಿ ತೆರೆದುಕೊಂಡಿತ್ತು.

ನಾನು ದಿನಾ ಬೆಳಗಿನ ಊಟದ ಡಬ್ಬಿ ತೆಗೆದುಕೊಂಡು ನಿಲ್ದಾಣಕ್ಕೆ ಹೋಗುತ್ತೇನೆ. ಆ ದಿನ ಹೋದಾಗ ನಿಲ್ದಾಣದಲ್ಲಿ ಏನೋ ಬೇರೆ ಥರದ ಸದ್ದು. ಎಲ್ಲ ಕಂಬಗಳ ಎಲ್ಲ ಸ್ಪೀಕರುಗಳಿಂದ ಒಂದೇ ಸಮನೆ ಬರುತ್ತಿತ್ತು. ಗರ್ರ್ ಎಂದು ಎಳೆದು, ತಡೆದು, ಪುಸ್ ಎಂದು ಬಿಡುವುದು. ಪಕ್ಕದಲ್ಲಿ ಕೈಚೀಲ ಹಿಡಿದ ಮುದುಕರೊಬ್ಬರು ಕಿವಿಗೆ ಕೈ ಕೊಟ್ಟು ಆಲಿಸಿ, "ಇದು ಯಾವ ಬಸ್ಸು ತಾಯಿ?" ಎಂದರು. ಅವರ ಹಿಂದಿನವನು, "ಐದನೇ ಅಂಕಣ ಅಂತ ಅಂದಂಗಾಯ್ತು," ಎಂದ. ಇಬ್ಬರೂ ಐದನೇ ಅಂಕಣಕ್ಕೆ ಓಡಿದರು. ಅವರನ್ನು ನೋಡಿ ಇನ್ನಷ್ಟು ಜನ ಓಡಿದರು. ಅಲ್ಲಿದ್ದ ಚಾಲಕ, ಇಷ್ಟು ಜನ ಬಂದ ಮೇಲೆ ಹೊರಡಲೇಬೇಕಲ್ಲ ಎಂದು ಬಸ್ಸು ಬಿಟ್ಟೇಬಿಟ್ಟ.

ನನಗೆ ಆ ಗೊರಕೆ ಗೊತ್ತು. ಬೆಳೆಸಿದವಳು ನಾನು.

ಮೈಕಿನ ಕೋಣೆಗೆ ಮೂರು ಕಡೆ ಗಾಜು. ಆ ಗಾಜನ್ನು ಹಿಂದೊಮ್ಮೆ ತಂದು ನಿಲ್ಲಿಸಿದವನೂ ನಮ್ಮ ಅಳಿಯನೇ. ಪ್ರಯಾಣಿಕರು ಮರೆತು ಹೋದ ಸಾಮಾನನ್ನೂ ಅದೇ ಕೋಣೆಯಲ್ಲಿ ಇಡುತ್ತಾರೆ. ನಮ್ಮ ಹುಡುಗಿ ಬೆಂಚಿನ ಮೇಲೆ ಯಾರೋ ಬಿಟ್ಟು ಹೋದ ಹಾಸಿಗೆಯ ಸುರುಳಿ ಬಿಡಿಸಿ, ಬಟ್ಟೆಯ ಗಂಟೊಂದನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಮಡಿಸಿದ ಶಾಲೊಂದನ್ನು ಹೊಟ್ಟೆಯ ಅಡಿಗೆ ತುರುಕಿಕೊಂಡು, ದೊಡ್ಡ ಪ್ರಯಾಣದ ಚೀಲವೊಂದಕ್ಕೆ ಬೆನ್ನು ಕೊಟ್ಟು, ಲೋಕದ ಪರಿವೆ ಇಲ್ಲದೆ ಮಲಗಿದ್ದಳು. ಕೂಗುವುದಕ್ಕೆಂದು ಬಗ್ಗಿಸಿಕೊಂಡ ಮೈಕು ಮೂಗಿನ ಹತ್ತಿರವೇ ಇತ್ತು. ಮಲಗಿದ್ದದ್ದು ಬಲ ಮಗ್ಗುಲಿಗೆ.

ಕಂಟ್ರೋಲರ್ ಕೆಂಪು ಮುಖ ಮಾಡಿಕೊಂಡು ಬಂದರು. "ಏನಿದು ಅನ್ಯಾಯ! ಏಳಿಸ್ರೀ ಅವಳನ್ನ!" ಎಂದು ಬಾಗಿಲಿಗೆ ಕೈ ಹಾಕಿದರು. ಆ ಹೊತ್ತಿಗೆ ಗೋದಾಮಿನ ಕಡೆಯಿಂದ ಮೆಲ್ಲಗಪ್ಪ ಓಡಿಬಂದ. ಗೊರಕೆ ಅಲ್ಲಿಗೂ ಕೇಳಿಸಿತ್ತು. ಗಾಜಿನ ಮೂಲಕ ಒಳಗೆ ನೋಡಿದವನ ಕಾಲು ಅಲ್ಲೇ ನಿಂತುಬಿಟ್ಟಿತು.

"ಬಲಕ್ಕಿದ್ದಾಳೆ! ಬೆಣೆ ಇಲ್ಲ, ಮೂಲೆಕಟ್ಟಿಲ್ಲ... ಅತ್ತೇ, ಒಳಗೆ ಹೋಗ್ತೀನಿ, ಸರಿ ಮಾಡ್ತೀನಿ, ಬಿಡಿ!"

ನಾನು ಒಂದು ಕೈಯಲ್ಲಿ ಅಳಿಯನ ಅಂಗಿ ಹಿಡಿದೆ, ಇನ್ನೊಂದು ಕೈಯಲ್ಲಿ ಕಂಟ್ರೋಲರ ಅಂಗಿ ಹಿಡಿದೆ. ಡಬ್ಬಿಯನ್ನು ಕಂಕುಳಲ್ಲಿ ಅಮುಕಿಕೊಂಡಿದ್ದೆ. "ಇವಳನ್ನ ಯಾರಾದ್ರೂ ಎಬ್ಬಿಸಿದ್ರೋ, ನಾನು ಇಲ್ಲೇ ಕಿರುಚ್ತೀನಿ," ಎಂದೆ.

"ಕಿರುಚಿದ್ರೆ ಅವಳು ಏಳ್ತಾಳಲ್ಲಮ್ಮ," ಎಂದರು ಕಂಟ್ರೋಲರ್. ಅದೂ ನಿಜವೇ.

ಆಗ ಒಳಗೆ ಗೊರಕೆ ನಿಂತಿತು. ಸ್ಪೀಕರುಗಳೆಲ್ಲ ಸುಮ್ಮನಾದವು. ನಿಲ್ದಾಣದಲ್ಲಿ ಇದ್ದವರೆಲ್ಲ ತಲೆ ಎತ್ತಿದರು. ನಮ್ಮ ಹುಡುಗಿ ಕಣ್ಣು ತೆರೆಯದೆ ಹುಬ್ಬು ಗಂಟಿಕ್ಕಿದಳು. "ಹೂಂ," ಎಂದಳು. ಆ ಹೂಂ ಎಲ್ಲ ಅಂಕಣಗಳಿಗೂ ಕೇಳಿಸಿತು. ಆಮೇಲೆ ಒಂದು ಕೈಯಿಂದ ಬಟ್ಟೆಯ ಗಂಟನ್ನೂ ಶಾಲನ್ನೂ ಹಿಡಿದು, ಇನ್ನೊಂದು ಕೈಯಿಂದ ಹೊಟ್ಟೆಗೆ ಆಸರೆ ಕೊಟ್ಟು, ಸಾವಕಾಶವಾಗಿ, ಒಂದಿಷ್ಟೂ ಕುಲುಕದಂತೆ, ನಡುವೆ ಒಂದು ಗಳಿಗೆ ಅಂಗಾತವಾಗಿ, ಎಡ ಮಗ್ಗುಲಿಗೆ ಹೊರಳಿದಳು. ಗಂಟು ಮಂಡಿಗಳ ನಡುವೆ ಸೇರಿತು. ಶಾಲು ಹೊಟ್ಟೆಯಡಿಗೆ ಹೋಯಿತು. ಗೊರಕೆ ಬಿಟ್ಟಲ್ಲಿಂದ ಮುಂದುವರಿಯಿತು.

ಮೆಲ್ಲಗಪ್ಪನ ಬಾಯಿ ತೆರೆದಿತ್ತು. ನಾನು ಅವನ ಅಂಗಿ ಬಿಟ್ಟೆ.

"ಅತ್ತೇ, ತಾನೇ ಹೊರಳಿದ್ಲು," ಎಂದ.

"ಹೂಂನಪ್ಪ."

"ಯಾರೂ ಹಿಡ್ಕೊಂಡಿರ್ಲಿಲ್ಲ."

"ಇಲ್ಲ."

"ನನಗಿಂತ ಮೆಲ್ಲಗೆ ಹೊರಳಿದ್ಲು, ಅತ್ತೇ." ಇಷ್ಟು ಹೇಳಿ ಅವನು ಅಲ್ಲೇ ನೆಲದ ಮೇಲೆ ಕೂತು, ಮೊದಲ ಬಸುರು ಹೋದಾಗ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತುಬಿಟ್ಟ. ಕಂಟ್ರೋಲರ್ ಏನು ಮಾಡಬೇಕೋ ತೋಚದೆ ಅವನ ಬೆನ್ನು ಸವರಿದರು.

ಮೈಕಿನ ಸ್ವಿಚ್ಚು ಆರಿಸೋಣ ಎಂದು ಅವರು ಮತ್ತೆ ಬಾಗಿಲಿಗೆ ಹೋದಾಗ ಅಳಿಯ ಕಣ್ಣೀರಿನ ನಡುವೆಯೇ, "ಬೇಡಿ ಸಾರ್, ಟಕ್ ಅನ್ನುತ್ತೆ, ಎದ್ದುಬಿಡ್ತಾಳೆ," ಎಂದ. ಆ ಬೆಳಗ್ಗೆ ಬಸ್ಸುಗಳು ಅವಳ ಗೊರಕೆಯ ಕೆಳಗೇ ಹೊರಟವು. ಕಂಡಕ್ಟರುಗಳು ಊರ ಹೆಸರನ್ನು ಕಿವಿಯಲ್ಲಿ ಪಿಸುಗುಟ್ಟಿದಂತೆ ಹೇಳಿದರು. ಚಾಲಕರು ಹಾರ್ನ್ ಒತ್ತಲಿಲ್ಲ. ಯಾರೋ ಜೋರಾಗಿ ಕೆಮ್ಮಿದಾಗ ಇಡೀ ನಿಲ್ದಾಣ ತಿರುಗಿ, ಒಂದೇ ಬಾಯಿಂದ "ಮೆಲ್ಲಗೆ!" ಎಂದಿತು. ಅಂದು ಎಂದಿಗಿಂತ ಕಡಿಮೆ ಜನ ಬಸ್ಸು ತಪ್ಪಿಸಿಕೊಂಡರು ಎಂದು ಕಂಟ್ರೋಲರೇ ಆಮೇಲೆ ಹೇಳಿದರು. ಬೇರೆಯವರನ್ನು ಕೂರಿಸುವ ಮಾತು ಮತ್ತೆ ಎತ್ತಲಿಲ್ಲ. ಮೈಕನ್ನು ಮಾತ್ರ ಬೆಂಚಿನಿಂದ ಸ್ವಲ್ಪ ದೂರಕ್ಕೆ ಸರಿಸಿದರು.

ಸಂಜೆ ಅಳಿಯ ಸ್ಟ್ಯಾಂಡು ಬಿಚ್ಚಿದ. ನಾನು ಹಳೆಯ ಸೀರೆಗಳಿಂದ ಒಂದು ಉದ್ದನೆಯ ದಿಂಬು, ಒಂದು ಗಿಡ್ಡ ದಿಂಬು ಹೊಲಿದೆ. ಉದ್ದನೆಯದು ಮಂಡಿಗಳ ನಡುವೆ, ಗಿಡ್ಡದ್ದು ಹೊಟ್ಟೆಯ ಅಡಿಗೆ. ಬೆನ್ನಿಗೆ ಏನು ಎಂದು ಕೇಳಿದರೆ, "ನಾನಿದ್ದೀನಲ್ಲ," ಎಂದ ಅಳಿಯ. ಬೆನ್ನಿಗೆ ಬೆನ್ನು ಕೊಟ್ಟು, ಚಪ್ಪಲಿಗಳ ಹಾಗೆ ಮಲಗಿದರು. ಎರಡು ವಾರ ತುಂಬಿದ ಮೇಲೆ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿ, "ಪರವಾಗಿಲ್ವೇ, ಇಳಿದಿದೆ. ಮನೆಗೆ ಹೋಗಿ," ಎಂದರು. ವಾರ್ಡಿನ ಬಾಗಿಲನ್ನು ಅಳಿಯ ತಿರುಗಿಯೂ ನೋಡಲಿಲ್ಲ.

ದಿನ ತುಂಬಿ ಹೆಣ್ಣು ಮಗು ಹುಟ್ಟಿತು. ಗೀರೂ ಇಲ್ಲ ಎಂದು ಅಳಿಯ ಬೆಳಕಿಗೆ ಹಿಡಿದು ನೋಡಿದ. ಮನೆಗೆ ಹೊರಡುವ ದಿನ ನರ್ಸಮ್ಮ ತೊಟ್ಟಿಲ ಹತ್ತಿರ ನಿಂತು, "ನೋಡಪ್ಪ, ಮಗುವನ್ನ ಮಲಗಿಸೋ ಕ್ರಮ ಹೇಳ್ತೀನಿ," ಎಂದು ಶುರು ಮಾಡಿದರು. ಅವನು ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತ. ಈ ಸಲ ಕೊನೆಯವರೆಗೂ ಕೇಳುತ್ತೇನೆ ಎಂದು ನನಗೆ ಮಾತು ಕೊಟ್ಟಿದ್ದ.

"ಮಗುವನ್ನ ಯಾವಾಗ್ಲೂ ಅಂಗಾತವೇ ಮಲಗಿಸ್ಬೇಕು," ಎಂದರು ನರ್ಸಮ್ಮ.

ಅವನು, "ಅಂಗಾತ?" ಎಂದ.

"ಅಂಗಾತ. ಗಟ್ಟಿ ಹಾಸಿಗೆ ಮೇಲೆ. ಚಪ್ಪಟೆಯಾಗಿ."

"ಚಪ್ಪಟೆಯಾಗಿ?"

"ಹೌದಪ್ಪ. ದಿಂಬು ಬೇಡ, ಪಕ್ಕಕ್ಕೆ ಒರಗಿಸೋದು ಬೇಡ, ಸುತ್ತ ಏನೂ ತುರುಕ್ಬೇಡಿ."

ಅವನು ನನ್ನ ಕಡೆ ತಿರುಗಿದ. ಇಷ್ಟು ವರ್ಷ ಇವನ ಮನೆಯಲ್ಲಿದ್ದೇನೆ, ಯಾವ ತಟ್ಟೆಯೂ, ಯಾವ ಮುಚ್ಚಳವೂ ಮಲಗಿದ್ದನ್ನು ಕಾಣೆ. ನಾನು ತಲೆಯಾಡಿಸಿದೆ. ನರ್ಸಮ್ಮನ ಮಾತು ಮುಗಿಯಿತೇ ಎಂದು ಅವನು ಕಾದ. ಮುಗಿದಿತ್ತು. ಆಮೇಲೆ ಎದ್ದು, ಮಗುವನ್ನು ಎರಡೂ ಅಂಗೈಗಳ ಮೇಲೆ ತೆಗೆದುಕೊಂಡು ತೊಟ್ಟಿಲೊಳಗೆ ಬಗ್ಗಿದ. ಬಗ್ಗಿದವನು ಬಗ್ಗಿಯೇ ಇದ್ದ. ಅವನ ತುಟಿ ಅಲ್ಲಾಡುತ್ತಿತ್ತು, ಆದರೆ ಆ 'ಮೆಲ್ಲಗೆ' ಹೊರಗೆ ಬರಲಿಲ್ಲ. ಕೊನೆಗೆ ಕೈಗಳನ್ನು ಕೆಳಗಿನಿಂದ ಸರಿಸಿಕೊಂಡ.

ಮಗು ಅಂಗಾತ ಮಲಗಿತ್ತು. ಕೈಕಾಲು ಒಂದು ಸಲ ಝಾಡಿಸಿ, ಆಕಳಿಸಿ, ಕಣ್ಣು ಮುಚ್ಚಿತು. ಅವನು ರಸಮಟ್ಟ ಕೇಳಲಿಲ್ಲ.